ಹುನಗುಂದಕ್ಕೆ ಕೊಟ್ಟ ಗಾಡಿ

ಮೊದಲು ಬಾಯಿ ಮುಚ್ಚಿ, ಆಮೇಲೆ ಕಿವಿ ತೆರೆಯಿರಿ. ಮುದುಕನಿಗೆ ಅರಳುಮರಳು, ಎದುರು ಮನೆಯ ಈರಪ್ಪನ ಗಾಡಿ ಅಂಬಾಸಿಡರ್ ಇತ್ತು, ಅದಕ್ಕೆ ಹಾಕಿಸಿದ್ದು ಕರಿ ರೆಕ್ಸಿನ್ ಎಂದು ನಿಮ್ಮಲ್ಲೊಬ್ಬರು ವಾಟ್ಸಾಪ್ ಗ್ರೂಪಿನಲ್ಲಿ ಬರೆದದ್ದನ್ನು ನನ್ನ ಮೊಮ್ಮಗಳು ಓದಿ ಹೇಳಿದಳು. ಬರೆದವರು ಯಾರೆಂಬುದೂ ನನಗೆ ಗೊತ್ತಿದೆ. ಗಾಡಿ ಫಿಯಾಟ್. ಬಣ್ಣ ಕೆನೆಹಾಲಿನದು. ರೆಕ್ಸಿನ್ ದಾಳಿಂಬೆ ಕೆಂಪು. ಅದರ ಹಿಂದಿನ ಸೀಟಿನಲ್ಲಿ ಸೀರೆ ಗಂಟುಗಳ ನಡುವೆ ಸಿಕ್ಕಿಕೊಂಡು ಬೇವೂರಿಗೆ ಹೋಗಿ ಬಂದವನು ನಾನು. ನೀವು ಅದರ ಹೊಗೆಯನ್ನೂ ಕುಡಿದವರಲ್ಲ. ಬೆಳಿಗ್ಗೆ ಏನು ತಿಂದೆ ಎಂದು ಕೇಳಿದರೆ ನಾನು ತಡವರಿಸಬಹುದು, ಎದುರು ಮನೆಯಲ್ಲಿ ನಡೆದದ್ದನ್ನು ಮಾತ್ರ ಮರೆಯುವವನಲ್ಲ. ಇದರಲ್ಲಿ ಅರ್ಧ ಈರಪ್ಪನೇ ನನ್ನ ಕಟ್ಟೆಯ ಮೇಲೆ ಕೂತು ಹೇಳಿದ್ದು, ಇನ್ನರ್ಧ ಅವನ ಹೆಂಡತಿ ನಮ್ಮ ಮನೆಯವಳ ಮುಂದೆ ಹೇಳಿದ್ದು. ಎರಡನ್ನೂ ಕೂಡಿಸಿ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡಿ.

ಇಳಕಲ್ಲಿನ ನಮ್ಮ ಓಣಿಯಲ್ಲಿ ಈರಪ್ಪನದು ಸೀರೆ ವ್ಯಾಪಾರದ ಮನೆ. ಮಗ್ಗದವರಿಂದ ಸೀರೆ ತಂದು ಗುಡೂರು, ಬೇವೂರು, ಬಾದಾಮಿ ಕಡೆಯ ಹಳ್ಳಿಗಳಿಗೆ ಒಯ್ಯುತ್ತಿದ್ದ. ಮೊದಮೊದಲು ಬಸ್ಸಿನ ಮೇಲೆ ಗಂಟು ಹಾಕಿದ. ಕೈ ಸ್ವಲ್ಪ ಹಸನಾದ ಮೇಲೆ ಯಾರೋ ಡಾಕ್ಟರು ಮಾರಲಿಕ್ಕೆ ನಿಲ್ಲಿಸಿದ್ದ ಹಳೆಯ ಫಿಯಾಟ್ ತಂದ. ಆಗ ಓಣಿಗೆಲ್ಲ ಅದೊಂದೇ ಕಾರು. ಹೆರಿಗೆಗೆ ಹೋದವರು, ಹಸೆಮಣೆ ಏರಲು ಹೋದವರು, ಎಲ್ಲರೂ ಅದರಲ್ಲಿ ಕೂತವರೇ. ಈಗ ವ್ಯಾಪಾರ ಮಗ ಶ್ರೀಶೈಲನ ಕೈಗೆ ಬಂದಿದೆ. ಅವನು ಅಂಗಡಿಯಲ್ಲಿ ಕೂತು ಸೀರೆಯ ಫೋಟೊ ಕಳಿಸುತ್ತಾನೆ, ಪಾರ್ಸಲ್ ಹೋಗುತ್ತದೆ. ಈರಪ್ಪನ ಪಾಲಿಗೆ ಉಳಿದದ್ದು ಹಳ್ಳಿಗಳ ಕೆಲವು ಹಳೆಯ ಮನೆಗಳು ಮಾತ್ರ. ಗುಡೂರಿನ ಮರೆವ್ವನಂಥವರು, ಸೀರೆಯನ್ನು ಈರಪ್ಪನ ಕೈಯಿಂದಲೇ ತಗೊಂಡು, ಅವನಿಗೆ ಚಹ ಕುಡಿಸಿ, ಹಾಳು ಮೂಳು ಎಲ್ಲ ಮಾತಾಡಿ ಕಳಿಸುವವರು. ಮನೆಯಲ್ಲಿ ಒಂದು ಚೀಲ ಸಿಮೆಂಟಿನಿಂದ ಹಿಡಿದು ದವಾಖಾನೆಗೆ ಹೋಗುವ ತನಕ ಎಲ್ಲದಕ್ಕೂ ಮಗನನ್ನು ಕೇಳಬೇಕಾಗಿತ್ತು. ಗಾಡಿ ಹತ್ತಿದರೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಅದಕ್ಕಾಗಿಯೇ ಅವನಿಗೆ ಆ ಗಾಡಿ ಬೇಕಾಗಿತ್ತು, ಬೇರೆ ಯಾವ ಮಹಾ ಕಾರಣವೂ ಇರಲಿಲ್ಲ.

ಗಾಡಿಗೂ ವಯಸ್ಸಾಗಿತ್ತು. ಸ್ಟೇರಿಂಗಿನ ಮುಂದೆ, ಮೀಟರುಗಳ ಮೇಲಿಂದ ಎಡ ಬಾಗಿಲಿನ ತನಕ ಹಾಸಿದ ಮೆತ್ತನೆಯ ಹೊದಿಕೆ ಇರುತ್ತದಲ್ಲ, ಆ ಡ್ಯಾಶ್‌ಬೋರ್ಡು ನಮ್ಮ ಊರಿನ ಬಿಸಿಲಿಗೆ ಹಂಚಿನ ಮೇಲೆ ಮರೆತ ರೊಟ್ಟಿಯ ಹಾಗೆ ಸೀಳಿತ್ತು. ಒಳಗಿನ ಹಳದಿ ಸ್ಪಂಜು ಪುಡಿಪುಡಿಯಾಗಿ ಹೆಂಡತಿ ಸಾವಿತ್ರೆವ್ವನ ಉಡಿಗೆ ಉದುರುತ್ತಿತ್ತು. ಸೀಳಿನ ಮಾತು ಒತ್ತಟ್ಟಿಗಿರಲಿ, ಎಡಗಡೆ, ಹೆಂಗಸರು ಕೂರುವ ಕಡೆ, ಸ್ಪಂಜು ಕುಗ್ಗಿ ಎರಡು ತಗ್ಗು ಬಿದ್ದಿದ್ದವು. ಮೊಮ್ಮಗಳು ಶಿವಗಂಗಾ ಚಿಕ್ಕವಳಿದ್ದಾಗ ಅಲ್ಲಿ ಹತ್ತಿ ಕುಣಿದದ್ದು ಎಂದು ಈರಪ್ಪ ಕಂಡವರಿಗೆಲ್ಲ ಹೇಳುತ್ತಿದ್ದ. ಕಾಲೇಜಿಗೆ ಹೋಗುವ ಹುಡುಗಿ ಈಗಲೂ ಜಗಳ ತೆಗೆಯುತ್ತಿದ್ದಳು, ನಾನು ಯಾವತ್ತೂ ಅಲ್ಲಿ ಹತ್ತಿಲ್ಲ ಎಂದು.

ಹಿಂಗಾರಿ ರಾಶಿಯ ಹೊತ್ತು. ಗಂಡ ಹೆಂಡತಿ ಗುಡೂರಿಗೆ ಹೋಗಿ ಬರುವಾಗ ಆ ಊರ ಹೊರಗಿನ ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ಬಸ್ಸಿನವನು ಬ್ರೇಕು ಹಾಕಿ, ಅರ್ಧ ಹೊಲಕ್ಕೆ ಇಳಿದು ನಿಂತು, ಈರಪ್ಪನ ವಂಶವನ್ನೆಲ್ಲ ನೆನೆದು ಹೋದ. ಅದೇ ಬಸ್ಸಿನಲ್ಲಿ ನಮ್ಮ ಓಣಿಯವರು ಇಬ್ಬರು ಇದ್ದರು. ಗಾಡಿ ಮನೆ ಮುಟ್ಟುವ ಮೊದಲೇ ಫೋನಿನಲ್ಲಿ ಸುದ್ದಿ ಮುಟ್ಟಿತ್ತು.

ಸಂಜೆ ಊಟಕ್ಕೆ ಕೂತಾಗ ಶ್ರೀಶೈಲ ಮಾತು ತೆಗೆದ. "ಅಪ್ಪಾ, ಇನ್ನ ಸಾಕು. ಒಬ್ಬ ಡ್ರೈವರನ್ನ ಇಟ್ಕೊಳ್ಳೂಣು."

"ಯಾಕ, ನಾ ಸತ್ತೀನೇನು?"

"ಕಣ್ಣಾಗ ಪೊರಿ ಬಂದೈತಿ ಅಂತ ಡಾಕ್ಟರು ಹೇಳ್ಯಾರ. ಆಪರೇಶನ್ ಮಾಡಿಸ್ಕೊ ಅಂದ್ರ ಅದಕ್ಕೂ ಒಲ್ಲೆ ಅಂತಿ."

"ಪೊರಿ ಬಂದದ್ದು ಪೇಪರಿನ ಸಣ್ಣ ಅಕ್ಷರಕ್ಕ. ಬಸ್ಸು ಸಣ್ಣ ಅಕ್ಷರ ಅಲ್ಲ."

ಶಿವಗಂಗಾ ನಕ್ಕಳು. ಸೊಸೆ ಶೈಲಾ ಮಗಳ ತೊಡೆ ಚಿವುಟಿದಳು. ಬಸ್ಸು ಕಂಡಿದ್ದರೆ ಅದರ ಮುಂದೆ ಯಾಕೆ ಹೋದೆ ಎಂದು ಮಗ, ಅವನೇ ನನ್ನ ಬಾಜೂಕ ಬಂದ ಎಂದು ಅಪ್ಪ, ಪುಂಡಿಪಲ್ಲೆ ಆರಿ ತಣ್ಣಗಾಗುವ ತನಕ ಇದೇ ನಡೆಯಿತು. ಸಾವಿತ್ರೆವ್ವ ಮಾತ್ರ ರೊಟ್ಟಿ ಬಡಿಸುತ್ತ ತುಟಿ ಬಿಚ್ಚಲಿಲ್ಲ. ಹೆಂಡತಿ ತನ್ನ ಪಕ್ಷ ಎಂದು ಈರಪ್ಪ ತಿಳಿದ. ಅವಳು ಬಾಜೂಕೇ ಕೂತಿದ್ದಳಲ್ಲ, ತಪ್ಪು ಬಸ್ಸಿನವನದೇ ಎಂಬುದನ್ನು ಕಣ್ಣಾರೆ ನೋಡಿದವಳಲ್ಲವೇ, ಹೀಗೆ ಅವನ ಲೆಕ್ಕ.

ಕೆಲವು ದಿನ ಬಿಟ್ಟು ಮಗ ಬೇರೆಯೇ ದನಿಯಲ್ಲಿ ಮಾತಾಡಿದ. ಹೊಡೆಯುವುದಾದರೆ ಗಾಡಿಯಾದರೂ ಚಂದ ಇರಲಿ, ಡ್ಯಾಶ್‌ಬೋರ್ಡು ಹೊಸದಾಗಿ ಹೊದಿಸೋಣ, ಹುನಗುಂದದಲ್ಲಿ ಅಮೀನಸಾಬ ಸೀಟಿನ ಕೆಲಸ ಚೊಲೊ ಮಾಡುತ್ತಾನೆ ಎಂದ. ಸಾವಿತ್ರೆವ್ವನೂ ಸೇರಿಸಿದಳು. "ಹೌದ್ರಿ. ಆ ಪುಡಿ ಉದುರಿ ಉದುರಿ ನನ್ನ ಸೀರಿ ಎಲ್ಲಾ ಹಾಳಾಗ್ಯಾವ." ಈರಪ್ಪ ಹಿಗ್ಗಿ ಹೋದ. ಜಗಳ ಗೆದ್ದೆ ಎಂದುಕೊಂಡ. ಮರುದಿನ ಬೆಳಿಗ್ಗೆ ಗಾಡಿ ತೊಳೆದು, ವಿಭೂತಿ ಹಚ್ಚಿಕೊಂಡು, ಮಗನನ್ನು ಬಾಜೂಕ ಕೂರಿಸಿಕೊಂಡು ತಾನೇ ಹೊಡೆದುಕೊಂಡು ಹೋದ.

ಅಮೀನಸಾಬನ ಅಂಗಡಿಯಲ್ಲಿ ಅವನು ರೆಕ್ಸಿನ್ ನೋಡಿದ್ದು ಸೀರೆ ನೋಡಿದ ಹಾಗೆ. ಸುರುಳಿ ಬಿಚ್ಚಿಸಿ, ಬಾಗಿಲಿಗೆ ಒಯ್ದು, ಬಿಸಿಲಿಗೆ ಹಿಡಿದು, ಬೆರಳಿನಿಂದ ತಿಕ್ಕಿ, ಒಂದೊಂದನ್ನೇ ಆಚೆ ನೂಕಿದ. ಕರಿಯದಾದರೆ ಧೂಳು ಕಾಣುವುದಿಲ್ಲ ಎಂದು ಅಮೀನಸಾಬ ಹೇಳಿ ನೋಡಿದ.

"ಕರಿ ಬ್ಯಾಡ. ನಮ್ಮ ಸೆರಗಿನ ಕೆಂಪ ಬೇಕು, ದಾಳಿಂಬ್ರಿ ಬಣ್ಣ."

"ಗಾಡಿಗೆ ಸೀರಿ ಉಡಸ್ತೀರೇನ್ರಿ ಸಾವುಕಾರ್ರ?"

"ಉಡಸ್ತೀನಿ. ದಡೀನೂ ಹಚ್ಚು." ಈರಪ್ಪ ಕಿಸೆಯಿಂದ ಒಂದು ಸುರುಳಿ ತೆಗೆದ. ಸೀರೆಯ ಅಂಚಿನ ಪಟ್ಟಿ. ನಮ್ಮ ಇಳಕಲ್ ಸೀರೆಯ ಅಂಚುಗಳಿಗೆ ಒಂದೊಂದು ಹೆಸರು, ಅದರಲ್ಲೊಂದು ಗಾಡಿ ದಡಿ. ಗಾಡಿಗೆ ಗಾಡಿ ದಡಿ ಎಂದು ಅವನು ತನ್ನ ಚೇಷ್ಟೆಗೆ ತಾನೇ ಕುಲುಕುಲು ನಕ್ಕ. ಅಮೀನಸಾಬನೂ ನಕ್ಕ. ಶ್ರೀಶೈಲ ಮೊಬೈಲಿನಲ್ಲಿ ಮುಖ ಹುಗಿದುಕೊಂಡಿದ್ದ. ಅಮೀನಸಾಬ ಅವರ ಎದುರಿನಲ್ಲೇ ಸ್ಕ್ರೂ ಬಿಚ್ಚಿ ಡ್ಯಾಶ್‌ಬೋರ್ಡು ಹೊರಗೆ ತೆಗೆದ. ಕೆಳಗೆ ಇಷ್ಟು ವರ್ಷದ ಧೂಳು, ಒಂದು ಒಣಗಿದ ಲಿಂಬೆಹಣ್ಣು, ಸಾವಿತ್ರೆವ್ವನ ಒಂದು ಹೇರ್‌ಪಿನ್ನು. ಗಾಡಿಯನ್ನು ಅಲ್ಲೇ ಬಿಟ್ಟು ಅಪ್ಪ ಮಗ ಬಸ್ಸಿಗೆ ವಾಪಸು ಬಂದರು. ದಾರಿಯುದ್ದಕ್ಕೂ ಈರಪ್ಪ ಒಬ್ಬನೇ ಮಾತಾಡಿದ.

ಆಮೇಲೆ ಶುರುವಾಯಿತು ನೋಡಿ. ಒಂದು ವಾರ ಹೋಯಿತು, ಎರಡು ಹೋದವು. ಗಾಡಿ ಯಾವಾಗ ಎಂದು ಕೇಳಿದಾಗಲೆಲ್ಲ ಶ್ರೀಶೈಲನದು ಒಂದೇ ಉತ್ತರ. "ಹುನಗುಂದಕ್ಕ ಕೊಟ್ಟೀನಲ್ಲಪಾ, ಮತ್ತೇನು." ಸಾವಿತ್ರೆವ್ವ ಅದಕ್ಕೊಂದು ತುಂಡು ಜೋಡಿಸುತ್ತಿದ್ದಳು, ಅಂಟು ಒಣಗಬೇಕು, ದಾರ ಸಿಕ್ಕಿಲ್ಲ, ಅಮೀನಸಾಬನಿಗೆ ಜ್ವರ. ಹೆಂಡತಿಗೆ ಇಷ್ಟೆಲ್ಲ ಗಾಡಿ ಕೆಲಸ ಯಾವಾಗ ತಿಳಿಯಿತು ಎಂದು ಈರಪ್ಪನಿಗೆ ತಮಾಷೆ. ಊಟದ ತಾಟಿನಲ್ಲೂ ಬದಲಾವಣೆ ಬಂತು. ಬಿಸಿರೊಟ್ಟಿಗೆ ತುಪ್ಪ, ಹಬ್ಬವಿಲ್ಲದೆ ಸಿಹಿ ಮಾದಲಿ, ಅವನಿಗೆಂದೇ ಮೊಸರಿನ ಕೆನೆ. ಸಕ್ಕರೆ ಕಾಯಿಲೆ ಎಂದು ಬೆಲ್ಲದ ಡಬ್ಬಿ ಬಚ್ಚಿಡುತ್ತಿದ್ದ ಹೆಂಗಸು ತಾನೇ ಕರೆದು ಮಾದಲಿ ಹಾಕಿದರೆ ಗಂಡಸಾದವನಿಗೆ ಅನುಮಾನ ಬರಬೇಕು. ಊರೂರು ತಿರುಗಿ ಗಿರಾಕಿಯ ಮುಖ ನೋಡಿ ಮನಸ್ಸು ಹೇಳುತ್ತಿದ್ದ ಈರಪ್ಪನಿಗೆ ಬರಲಿಲ್ಲ. ಇನ್ನಷ್ಟು ಹಾಕು ಎಂದು ತಾಟು ಮುಂದೆ ಮಾಡಿದ.

ಅಂಗಳದಲ್ಲಿ ಗಾಡಿ ನಿಲ್ಲುವ ಜಾಗ ಖಾಲಿ ಇತ್ತು. ಶೈಲಾ ಅಲ್ಲಿ ಸಂಡಿಗೆ ಹರವಿದಳು. ಆಮೇಲೆ ಶ್ರೀಶೈಲ ನೂಲಿನ ಪೆಟ್ಟಿಗೆಗಳನ್ನು ತಂದು ಒಟ್ಟಿದ, ಮೇಲೆ ತಾಡಪಾಲು ಹೊದಿಸಿ ಹಗ್ಗ ಬಿಗಿದ.

"ಶೈಲಾ, ನಾಳೆ ಗಾಡಿ ಬಂದ್ರ ನನ್ನ ತಲಿ ಮ್ಯಾಲೆ ನಿಲ್ಲಸ್ಲೇನು?" ಎಂದು ಈರಪ್ಪ ಗದರಿದ.

"ಬಂದಾಗ ತೆಗಸ್ತೀನ್ರಿ ಮಾವಾರ," ಎಂದವಳು ಸಂಡಿಗೆ ಮಗುಚುವುದನ್ನು ಅರ್ಧಕ್ಕೆ ಬಿಟ್ಟು ಒಳಗೆ ಹೋದಳು. ಒಳಗಿನಿಂದ ಗಂಡನ ಮೇಲೆ ಅವಳ ದನಿ ಕೇಳಿಸಿತು. "ನಿಮ್ಮ ಮಾತು ನೀವ ಹೇಳ್ರಿ. ನನ್ನ ಬಾಯಾಗ ಇಟ್ಟು ಆಡಸಬ್ಯಾಡ್ರಿ." ಗಂಡ ಹೆಂಡಿರ ಏನೋ ಕಿರಿಕಿರಿ ಎಂದು ಈರಪ್ಪ ಕಟ್ಟೆಗೆ ಎದ್ದು ಬಂದ.

ಗುಡೂರಿನ ಮರೆವ್ವನ ಮೊಮ್ಮಗಳ ಮದುವೆ ಗೊತ್ತಾಗಿತ್ತು. ಸೀರೆ ತಾನೇ ತರುತ್ತೇನೆಂದು ಈರಪ್ಪ ಮಾತು ಕೊಟ್ಟಿದ್ದ, ಆರಿಸಿ ತೆಗೆದೂ ಇಟ್ಟಿದ್ದ. ದಿನ ಹತ್ತಿರ ಬಂತು, ಗಾಡಿ ಬರಲಿಲ್ಲ. ಒಂದು ಮಧ್ಯಾಹ್ನ ಮರೆವ್ವ ಫೋನು ಮಾಡಿದಳು. ಸೀರೆಗಳು ಬಸ್ಸಿನ ಪಾರ್ಸಲಿನಲ್ಲಿ ಬಂದವು, ಚಂದ ಇದ್ದಾವೆ, ಚಹಕ್ಕೆ ಇಟ್ಟು ದಾರಿ ನೋಡಿದ್ದಾಯಿತು, ನೀವು ಮಾತ್ರ ಬರಲಿಲ್ಲವಲ್ಲ ಎಂದು. ಈರಪ್ಪ ಕಪಾಟು ತೆರೆದು ನೋಡಿದ. ತೆಗೆದಿಟ್ಟ ಸೀರೆಗಳು ಇರಲಿಲ್ಲ. ಮಗ ಕೇಳದೆ ಕಳಿಸಿಬಿಟ್ಟಿದ್ದ. ಮರುದಿನ ಮಠಕ್ಕೆ ಹೋಗಿ ಬರುತ್ತೇನೆಂದು ಹೇಳಿ ಹುನಗುಂದದ ಬಸ್ಸು ಹತ್ತಿದ.

ಅಮೀನಸಾಬ ಕಂಡವನೇ ಕೈಯೊರೆಸಿಕೊಂಡು ಎದ್ದು ಬಂದ. "ಬರ್ರಿ ಸಾವುಕಾರ್ರ. ನಿಮ್ಮ ಮಾಲು ಎಂದೋ ರೆಡಿ ಐತಿ. ಮಗಗ ಫೋನ್ ಹಚ್ಚಿ ಹಚ್ಚಿ ಸಾಕಾತು."

ಹಳೆಯ ಸೀರೆ ಹೊದಿಸಿ ಗೋಡೆಗೆ ಒರಗಿಸಿದ್ದ ಡ್ಯಾಶ್‌ಬೋರ್ಡನ್ನು ತಂದು ಬೆಂಚಿನ ಮೇಲಿಟ್ಟ. ಸೀಳು ತುಂಬಿ, ಹೊಸ ಫೋಮು ಕೂರಿಸಿ, ಒಂದು ಸುಕ್ಕೂ ಇಲ್ಲದ ಹಾಗೆ ಎಳೆದು ಹೊದಿಸಿದ ದಾಳಿಂಬೆ ಕೆಂಪು. ಕೆಳ ಅಂಚಿಗೆ ಈ ತುದಿಯಿಂದ ಆ ತುದಿಗೆ ಗಾಡಿ ದಡಿ. ಎಡಗಡೆಯ ಆ ಎರಡು ತಗ್ಗೂ ತುಂಬಿ ಸಮನಾಗಿದ್ದವು. ಈರಪ್ಪ ಅದರ ಮೇಲೆ ಅಂಗೈ ಆಡಿಸಿದ. ಆಮೇಲೆ ಅಂಗಡಿಯ ಹೊರಗೆ, ಬೇವಿನ ಮರದ ಕೆಳಗೆ, ಗಾಡಿ ನಿಲ್ಲಿಸಿ ಹೋಗಿದ್ದ ಕಡೆ ನೋಡಿದ. ಅಲ್ಲಿ ಯಾರದೋ ಟ್ರ್ಯಾಕ್ಟರ್ ಸೀಟು ಬಿದ್ದಿತ್ತು.

"ಗಾಡಿ ಎಲ್ಲಿ ನಿಲ್ಲಿಸೀಪಾ?"

"ಗಾಡಿ ಆಗ್ಲೇ ಬಾದಾಮಿಯವರು ಬಂದು ಒಯ್ದರಲ್ರಿ. ಖಾನಾವಳಿಯವರು. ಟೆಂಪೋದಾಗ ಹೇರ್ಕೊಂಡು ಹೋದ್ರು. ಶ್ರೀಶೈಲಪ್ಪಾರು ಫೋನ್‌ನ್ಯಾಗ ಹೇಳಿದ್ರು, ಗಾಡಿ ಕೊಟ್ಟೀನಿ, ಬಂದು ಒಯ್ತಾರ ಅಂತ." ಹೇಳುತ್ತ ಹೇಳುತ್ತ ಅಮೀನಸಾಬ ಈರಪ್ಪನ ಮುಖ ನೋಡಿದ. ದನಿ ಇಳಿಯಿತು. "ಈ ಕೆಲಸ ಬ್ಯಾಡ ಅಂತ ಯಾರೂ ಹೇಳ್ಲಿಲ್ರಿ. ನೀವು ಬಣ್ಣ ಆರಿಸಿ ಹೋಗಿದ್ರಿ, ನಾ ಮಾಡಿದೆ. ನಿಮಗ ಗೊತ್ತಿಲ್ಲೇನ್ರಿ?"

ಈರಪ್ಪ ಪಟ್ಟನೆ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. "ಗೊತ್ತೈತಿ ಬಿಡು. ವಯಸ್ಸಾತು, ಮರ್ತಿದ್ದೆ."

ಮಗನ ಮಾನ ಕಾಯಲು ಪರರ ಮುಂದೆ ತನ್ನ ನೆನಪಿಗೆ ತಾನೇ ಮಸಿ ಬಳಿದುಕೊಂಡ. ಈಗ ತಿಳಿಯಿತೇ, ನೆನಪಿನ ಮಾತು ಬಂದರೆ ನಾನು ಯಾಕೆ ಸಿಟ್ಟಾಗುತ್ತೇನೆ ಎಂದು?

ಗಾಡಿ ಇಲ್ಲದ ಡ್ಯಾಶ್‌ಬೋರ್ಡನ್ನು ಒಯ್ದು ಏನು ಮಾಡುತ್ತೀರಿ ಎಂದು ಕೇಳುವ ಧೈರ್ಯ ಅಮೀನಸಾಬನಿಗಾಗಲಿಲ್ಲ. ಅದೇ ಹಳೆಯ ಸೀರೆ ಸುತ್ತಿ, ತಾನೇ ಬಸ್ ಸ್ಟ್ಯಾಂಡಿನ ತನಕ ಹೊತ್ತು ತಂದು, ಸೀಟಿನ ಮೇಲೆ ಅಡ್ಡ ಮಲಗಿಸಿ ಹೋದ. ಕಂಡಕ್ಟರು ಬಂದು ಬೆರಳಿನಿಂದ ತಟ್ಟಿದ.

"ಏನ್ರಿ ಯಜಮಾನ್ರ ಇದು?"

"ಗಾಡಿ."

"ನಮ್ಮ ಗಾಡಿಯಾಗ ನಿಮ್ಮ ಗಾಡಿ ಏನ್ರಿ," ಎಂದು ಕಂಡಕ್ಟರು ನಗಾಡಿದ. ಮುಂದಿನ ಸೀಟಿನ ಹೆಂಗಸು ತಿರುಗಿ, ಇದು ದೇವರ ಪಲ್ಲಕ್ಕಿಯ ಸಾಮಾನೇನು ಎಂದು ಕೇಳಿದಳು. ಈರಪ್ಪ ಹೌದೆಂದ.

ಮನೆಗೆ ಬಂದಾಗ ಎಲ್ಲರೂ ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ಪಡಸಾಲೆಯಲ್ಲಿ, ಬಂದವರು ಕೂರುವ ಕಟ್ಟಿಗೆ ಬೆಂಚಿನ ಮೇಲೆ ಅವನು ಡ್ಯಾಶ್‌ಬೋರ್ಡನ್ನು ಇಟ್ಟು ಸೀರೆ ತೆಗೆದ. ಕೈಕಾಲು ತೊಳೆದು ಬಂದು ತನ್ನ ಮಣೆಯ ಮೇಲೆ ಕೂತ. ಶೈಲಾ ತಾಟು ಇಟ್ಟಳು. ಶೇಂಗಾ ಹಿಂಡಿ, ಝುಣಕ, ರೊಟ್ಟಿ. ಬಾಗಿಲಿನಿಂದ ಆ ಕೆಂಪು ಎಲ್ಲರಿಗೂ ಕಾಣುತ್ತಿತ್ತು.

"ಚಂದ ಮಾಡ್ಯಾನ," ಎಂದ ಈರಪ್ಪ. ಯಾರೂ ತಲೆ ಎತ್ತಲಿಲ್ಲ. "ಇನ್ನ ಗಾಡಿಗೆ ಕೂಡಿಸೂದ ಒಂದ ಉಳದೈತಿ. ಗಾಡಿ ಎಲ್ಲೈತೋ ಶ್ರೀಶೈಲ?"

ಶ್ರೀಶೈಲ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ. "ನಾ ನಿನಗ ಸುಳ್ಳು ಹೇಳಿಲ್ಲಪಾ. ಕೊಟ್ಟೀನಿ ಅಂತನ ಹೇಳೀನಿ."

ಕೇಳಿದಿರಾ? ರಿಪೇರಿಗೆ ಬಿಟ್ಟರೂ ಕೊಟ್ಟೆ. ಮಾರಿದರೂ ಕೊಟ್ಟೆ. ಮಗಳನ್ನು ಮದುವೆ ಮಾಡಿ ಕಳಿಸಿದರೂ ಕೊಟ್ಟೆ. ಈರಪ್ಪ ಜೀವಮಾನದಲ್ಲಿ ಸೀರೆ ಮಾರಿದೆ ಎಂದವನಲ್ಲ. ಗುಡೂರಿಗೆ ಎರಡು ಕೊಟ್ಟೆ, ಬೇವೂರಿಗೆ ನಾಲ್ಕು ಕೊಟ್ಟೆ, ಹೀಗೇ. ಮಾರಿದೆ ಎಂದರೆ ಗಿರಾಕಿಗೆ ದುಡ್ಡು ನೆನಪಾಗುತ್ತದೆ, ಕೊಟ್ಟೆ ಎಂದರೆ ಮನೆಯವನು ತಂದ ಹಾಗಿರುತ್ತದೆ ಎಂದು ಮಗನಿಗೆ ಚಿಕ್ಕಂದಿನಲ್ಲಿ ಪಾಠ ಹೇಳಿದವನೂ ಅವನೇ. ಮಗ ಅದನ್ನು ಚೆನ್ನಾಗಿಯೇ ಕಲಿತಿದ್ದ.

"ನಾ ಕಲಿಸಿದ ಮಾತನ್ನ ನನಗ ಮಾರಿದಿ," ಎಂದ ಈರಪ್ಪ. "ಇದು ನಿನ್ನ ಬುದ್ಧಿ ಅಲ್ಲ. ಯಾರದು?"

ಶ್ರೀಶೈಲ ತಾಟು ನೋಡಿದ. ಶೈಲಾ ರೊಟ್ಟಿ ಹಿಡಿದು ಅಡಿಗೆ ಮನೆಯ ಬಾಗಿಲಲ್ಲೇ ನಿಂತಳು. ಶಿವಗಂಗಾ ಅಜ್ಜಿಯ ಕಡೆ ನೋಡಿ ಮುಖ ತಿರುಗಿಸಿದಳು. ಆ ನೋಟದಲ್ಲೇ ಈರಪ್ಪನಿಗೆ ತಿಳಿದುಹೋಯಿತು, ಮನೆಯಲ್ಲಿ ಗೊತ್ತಿಲ್ಲದವನು ತಾನೊಬ್ಬನೇ ಎಂದು.

"ನಂದು," ಎಂದಳು ಸಾವಿತ್ರೆವ್ವ. "ಗುಡೂರಿಂದ ಬಂದ ದಿವಸನ ಶ್ರೀಶೈಲಗ ಹೇಳಿದೆ, ಈ ಗಾಡಿ ಮನ್ಯಾಗ ಇರಬಾರದು ಅಂತ. ಜಗಳಾಡಿ ಕಸ್ಕೊಂಡ್ರ ನೀವು ಬಿಡೂ ಪೈಕಿ ಅಲ್ಲ. ನಿಮ್ಮ ಕೈಲೆ ನೀವ ಬಿಟ್ಟು ಬರ್ಬೇಕಾಗಿತ್ತು. ಅದಕ್ಕ ಡ್ಯಾಶ್‌ಬೋರ್ಡ್ ಅಂದೆ."

"ಅಂಟು ಒಣಗಬೇಕು ಅಂದಿ."

"ಅಂದೆ."

"ಅಮೀನಸಾಬಗ ಜ್ವರ ಅಂದಿ."

ಈರಪ್ಪ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಕೈ ತೊಳೆದ. ಆ ಹೊತ್ತಿನಿಂದ ಹೆಂಡತಿಯ ಕೈಯ ರೊಟ್ಟಿ ಅವನು ತಿನ್ನಲಿಲ್ಲ. ಶೈಲಾ ಬಡಿಸಿದರೆ ಊಟ, ಇಲ್ಲದಿದ್ದರೆ ತಾನೇ ಡಬ್ಬಿಯಿಂದ ಒಣಗಿದ ಕಟಕ ರೊಟ್ಟಿ ತೆಗೆದು ಹಿಂಡಿ ಹಚ್ಚಿಕೊಂಡು ತಿಂದ. ತುಪ್ಪ ಹಾಕಲು ಬಂದರೆ ತಾಟಿನ ಮೇಲೆ ಅಂಗೈ ಅಡ್ಡ ಹಿಡಿದ. ಮಗ ಹೊಸ ಸ್ಕೂಟಿ ಕೊಡಿಸುತ್ತೇನೆ, ಡ್ರೈವರ್ ಸಹಿತ ಒಳ್ಳೆಯ ಗಾಡಿ ಬಾಡಿಗೆಗೆ ಹೇಳುತ್ತೇನೆ ಎಂದ. "ಅದನ್ನೂ ಹುನಗುಂದಕ್ಕ ಕೊಡು," ಎಂದು ಎದ್ದು ಹೋದ. ಡ್ಯಾಶ್‌ಬೋರ್ಡು ಬೆಂಚಿನ ಮೇಲೆಯೇ ಉಳಿಯಿತು. ಬಂದವರಿಗೆ ಕೂರಲು ಜಾಗವಿಲ್ಲ, ಇದೇನೆಂದು ಅವರು ಕೇಳುತ್ತಾರೆ, ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಎತ್ತಿಡುವ ಧೈರ್ಯ ಯಾರಿಗೂ ಇಲ್ಲ. ಶೈಲಾ ದಿನಾ ಅದರ ಧೂಳು ಒರೆಸಿದಳು, ಶ್ರೀಶೈಲ ಹಿತ್ತಲ ಬಾಗಿಲಿನಿಂದ ಓಡಾಡಿದ.

ಹೀಗೆ ಬಹಳ ದಿನ ಆದ ಮೇಲೆ ಒಂದು ಬೆಳಿಗ್ಗೆ ಸಾವಿತ್ರೆವ್ವ ಒಗೆದ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು ಬಂದು ಗಂಡನ ಎದುರು ನಿಂತಳು. "ನಡೀರಿ, ಬಾದಾಮಿಗೆ ಹೋಗಿ ಅದನ್ನ ಒಮ್ಮೆ ನೋಡ್ಕೊಂಡ್ ಬರೂಣು. ನೋಡದ ನಿಮ್ಮ ಸಿಟ್ಟು ಇಳಿಯೂದಿಲ್ಲ." ನೋಡಿದರೆ ಏರುತ್ತದೆ ಎಂದ ಈರಪ್ಪ. ಏರಲಿ ಎಂದಳು. ಬಸ್ಸು ಗುಡೂರಿನ ತಿರುವಿಗೆ ಬಂದಾಗ ಅವಳು ಕಿಟಕಿಯಿಂದ ಕೈ ತೋರಿಸಿ "ಇಲ್ಲೇ" ಎಂದಳು. ಈರಪ್ಪ ಆಚೆ ಕಿಟಕಿಯ ಕಡೆ ಮುಖ ಮಾಡಿಕೊಂಡ.

ಖಾನಾವಳಿ ಬಾದಾಮಿಯಲ್ಲಿ ಗುಡ್ಡದ ಕಡೆ ಹೋಗುವ ರಸ್ತೆಗೆ ಇತ್ತು. ಗಾಡಿ ಅದರ ಅಂಗಳದಲ್ಲಿತ್ತು. ಗಾಲಿ ತೆಗೆದು ಕಲ್ಲಿನ ಮೇಲೆ ಕೂರಿಸಿದ್ದರು. ಎಂಜಿನ್ನಿನ ಜಾಗದಲ್ಲಿ ಮಣ್ಣು ತುಂಬಿ ಚೆಂಡುಹೂವಿನ ಗಿಡ ಹಚ್ಚಿದ್ದರು, ಹೂವು ಬಂದಿದ್ದವು. ಕೆನೆಬಣ್ಣದ ಮೇಲೆ ಹೊಸ ಹಳದಿ ಬಳಿದು, ಬಾಗಿಲಿಗೆ ನವಿಲು ಬರೆಸಿದ್ದರು. ಪ್ರವಾಸಕ್ಕೆ ಬಂದವರು ಒಬ್ಬರಾದ ಮೇಲೊಬ್ಬರು ಅದಕ್ಕೆ ಒರಗಿ ಫೋಟೊ ತೆಗೆಸಿಕೊಳ್ಳುತ್ತಿದ್ದರು.

ಆ ಬಾಗಿಲು ತೆರೆಯಲು ಹಿಡಿಕೆಯನ್ನು ಸ್ವಲ್ಪ ಮೇಲೆತ್ತಿ ಎಳೆಯಬೇಕು. ಈರಪ್ಪನ ಕೈಗೆ ಅದು ನೆನಪಿತ್ತು. ಒಳಗೆ ಕೂತ. ಸಾವಿತ್ರೆವ್ವ ಸುತ್ತು ಹಾಕಿ ಬಂದು ತನ್ನ ಕಡೆಯ ಬಾಗಿಲು ತೆರೆದು, ಬುತ್ತಿಯ ಗಂಟನ್ನು ಕಾಲ ಬಳಿ ಇಟ್ಟು, ಬಾಜೂಕ ಕೂತಳು. ಡ್ಯಾಶ್‌ಬೋರ್ಡು ಇದ್ದ ಕಡೆ ದೊಡ್ಡ ಬಾಯಿ ತೆರೆದಿತ್ತು. ವೈರು ಜೋತಿದ್ದವು, ಒಂದು ಮೀಟರು ಅದರ ತಂತಿಗೇ ನೇತಾಡುತ್ತಿತ್ತು.

"ಅಜ್ಜಾ, ಸ್ವಲ್ಪ ಇಳೀತೀರಾ, ಒಂದು ಫೋಟೊ ತಗೋಬೇಕು," ಎಂದು ಹೊರಗಿನಿಂದ ಯಾರೋ ಹುಡುಗ ಕೇಳಿದ. ಪರ ಊರಿನವನು, ಅವನ ತಪ್ಪೇನಿಲ್ಲ.

ಈರಪ್ಪ ಇಳಿಯಲಿಲ್ಲ. ಆ ಹುಡುಗನ ಮೇಲಿನ ಸಿಟ್ಟೋ, ಇಡೀ ಲೋಕದ ಮೇಲಿನ ಸಿಟ್ಟೋ, ಸ್ಟೇರಿಂಗನ್ನು ಎರಡೂ ಕೈಯಿಂದ ಹಿಡಿದು ಗರಕ್ಕನೆ ಬಲಕ್ಕೆ ತಿರುಗಿಸಿ ಬ್ರೇಕಿನ ಮೇಲೆ ಕಾಲು ಒತ್ತಿದ.

ಸಾವಿತ್ರೆವ್ವನ ಎರಡೂ ಕೈ ತಟ್ಟನೆ ಮುಂದಕ್ಕೆ ಹೋದವು.

ಗಾಲಿ ಇಲ್ಲದ ಗಾಡಿ. ಎಂಜಿನ್ನಿನಲ್ಲಿ ಹೂವಿನ ಗಿಡ. ಆದರೂ ಅವಳ ಕೈಗಳು ಮುಂದಕ್ಕೆ ಹೋಗಿ, ಅಂಗೈ ಅಗಲಿಸಿ, ಆತುಕೊಳ್ಳಲು ಏನೂ ಸಿಗದೆ ವೈರುಗಳ ನಡುವೆ ಸಿಕ್ಕಿ ನಿಂತವು. ಅವಳು ಅವುಗಳನ್ನು ನಿಧಾನಕ್ಕೆ ಹಿಂದೆ ತಗೊಂಡಳು. ಮೊದಲು ಒಂದು, ಆಮೇಲೆ ಇನ್ನೊಂದು. ಆ ಎರಡು ತಗ್ಗು ಇದ್ದದ್ದು ಎಲ್ಲಿ ಎಂದು ಈರಪ್ಪನಿಗೆ ಯಾರೂ ಹೇಳಬೇಕಾಗಲಿಲ್ಲ.

"ಶಿವಗಂಗಾ ಕುಣಿದದ್ದಲ್ಲ," ಎಂದ.

"ಅಲ್ಲ."

"ನನಗ ಹೇಳಬೇಕಿಲ್ಲ, ಹೆದರಿಕಿ ಆಗ್ತೈತಿ ಅಂತ?"

"ಸಾವಕಾಶ ಹೊಡೀರಿ ಅಂತ ತಿರುವು ತಿರುವಿಗೂ ಹೇಳೀನಿ. ನೀವು ರೇಡಿಯೋ ಜೋರ ಮಾಡ್ತಿದ್ರಿ."

ಆಮೇಲೆ ಇಬ್ಬರೂ ಇಳಿದರು. ಹುಡುಗ ಫೋಟೊ ತಗೊಂಡ. ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದಾಗ ಈರಪ್ಪ ಬೇಡವೆನ್ನಲಿಲ್ಲ, ಅವಳ ಕೈಯ ರೊಟ್ಟಿಯನ್ನು ತಿಂದ. ನೀವು ಇಲ್ಲಿಗೆ ಸಮಾಧಾನ ಪಡಬೇಡಿ. ವಾಪಸು ಬಸ್ಸಿನಲ್ಲಿ, ಗುಡೂರಿನ ತಿರುವು ದಾಟಿದ ಮೇಲೆ, ಅವನು ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಕೇಳಿದ.

"ನೀ ಹೆದರಿದ್ದು ಖರೆ. ನನಗ ಕಾಣೂದಿಲ್ಲ, ಅದೂ ಖರೆ ಇರಬಹುದು. ಗಾಡಿ ಹೋಗೂದ ಇತ್ತಂದ್ರ, ನನ್ನ ಕೈಲೆ ಬಣ್ಣ ಯಾಕ ಆರಿಸಿದ್ರಿ?"

ಸಾವಿತ್ರೆವ್ವ ಬುತ್ತಿಯ ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಇಳಕಲ್ ಬಂತು. ಉತ್ತರ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಡ್ಯಾಶ್‌ಬೋರ್ಡು ಇನ್ನೂ ಆ ಬೆಂಚಿನ ಮೇಲಿದೆ, ಬೇಕಾದರೆ ಬಂದು ಬಣ್ಣ ನೋಡಿ ಹೋಗಿ.

ಇದನ್ನು ಮುಂದಕ್ಕೆ ಕಳಿಸಿ. ಕೇಳಿದವರೆಲ್ಲ ಕೈ ಮುಂದಕ್ಕೆ ಹೋದಲ್ಲಿಗೆ ಕಥೆ ನಿಲ್ಲಿಸಿ, ಪಾಪ, ಗಂಡ ಹೆಂಡತಿ ಕೂಡಿದರು ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ನೀವು ಹಾಗೆ ಮಾಡಬೇಡಿ. ಅವನು ಬಸ್ಸಿನಲ್ಲಿ ಕೇಳಿದ ಮಾತನ್ನು ಬಿಡದೆ ಹೇಳಿ. ಫಿಯಾಟ್ ಎಂದು ಹೇಳಿ, ಕೆಂಪು ಎಂದು ಹೇಳಿ. ಶ್ರೀಶೈಲನಿಗೂ ಕಳಿಸಿ. ಕಳಿಸಿದ ಮೇಲೆ ನನಗೆ ತಿಳಿಸುವಾಗ ಕಳಿಸಿದೆ ಎಂದೇ ಹೇಳಿ, ಕೊಟ್ಟೆ ಎನ್ನಬೇಡಿ.